ಒಂದು ಸಾಲು ಅಂದರೆ ಯಾರು?

ಪಹಣಿಗಾಗಿ ಒಮ್ಮೆಯೂ ಅಲೆಯದ ರೈತ ಕುಟುಂಬ ನಮ್ಮ ಕಡೆ ಹುಡುಕಿದರೂ ಸಿಗಲಾರದು. ಬೆಳೆ ಸಾಲಕ್ಕೆ ಪಹಣಿ, ಅಣ್ಣ ತಮ್ಮಂದಿರ ಪಾಲಿಗೆ ಪಹಣಿ, ಬದುವಿನ ಜಗಳ ಕೋರ್ಟಿಗೆ ಹೋದರೆ ಅಲ್ಲೂ ಪಹಣಿ. ಆದರೆ ಈ ಹಾಳೆಯ ಹಿಂದೆ ಒಂದು ಡೇಟಾಬೇಸ್ ಇದೆ, ಆ ಡೇಟಾಬೇಸನ್ನು ಯಾರೋ ಕೂತು ವಿನ್ಯಾಸ ಮಾಡಿದ್ದಾರೆ, ಆ ವಿನ್ಯಾಸದಲ್ಲಿ ಯಾರಿಗೆ ಜಾಗ ಇದೆ ಯಾರಿಗೆ ಇಲ್ಲ ಎಂಬುದು ಹೊಲದಲ್ಲಿ ದುಡಿಯುವವರ ಹಣೆಬರಹವನ್ನೇ ತಿದ್ದಬಲ್ಲದು ಎಂಬ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಪತ್ರಿಕೋದ್ಯಮ ಓದುವಾಗ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೇಳುವುದನ್ನು ಕಲಿಸಿದ್ದರು. ಡೇಟಾಬೇಸ್ ವಿನ್ಯಾಸ ಎಂದರೆ ಇವುಗಳ ಪೈಕಿ ಮೊದಲನೆಯದನ್ನೇ ಪಟ್ಟು ಹಿಡಿದು ಕೇಳುವುದು ಎಂದು ಗೊತ್ತಾದದ್ದು ಒಂದು ಬೆಳೆ ಪರಿಹಾರದ ಪಟ್ಟಿಯ ದೆಸೆಯಿಂದ.

ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಬಯಲುಸೀಮೆಯ ತಾಲ್ಲೂಕು ನಮ್ಮದು. ಕಟಾವಿನ ಹೊತ್ತಿಗೆ ಜಡಿಮಳೆ ಹಿಡಿದು ಹೊಲದಲ್ಲೇ ಈರುಳ್ಳಿ ಕೊಳೆತ ವರ್ಷ, ಪರಿಹಾರ ಯಾರಿಗೆ ಬಂತು ಯಾರಿಗೆ ಬರಲಿಲ್ಲ ಎಂದು ವರದಿ ಮಾಡಲು ನಾವು ನಾಲ್ವರು ಹೊರಟೆವು. ಕಚೇರಿಯೊಂದರಿಂದ ಆರು ಹಳ್ಳಿಗಳ ಎಕ್ಸೆಲ್ ಹಾಳೆ ಸಿಕ್ಕಿತು. ರೈತರ ಹೆಸರು, ಊರು, ಹೋಬಳಿ, ಫೋನ್, ಸರ್ವೆ ನಂಬರುಗಳು, ಬೆಳೆ 1, ಬೆಳೆ 2, ಬೆಳೆ 3, ವಿಸ್ತೀರ್ಣ, ಮೊತ್ತ, ಷರಾ. ಎಲ್ಲವೂ ಒಂದೇ ಹಾಳೆಯಲ್ಲಿ ಅಡ್ಡಡ್ಡ ಹರಡಿಕೊಂಡಿದ್ದವು. ನೋಡಲು ಮಾಹಿತಿ ಸಮೃದ್ಧ. ಆದರೆ ‘ಎಷ್ಟು ಜನರಿಗೆ ಹಣ ಬಂದಿದೆ?’ ಎಂಬ ಸರಳ ಪ್ರಶ್ನೆಗೂ ಅದು ಉತ್ತರ ಕೊಡಲಿಲ್ಲ. ಸಾಲುಗಳನ್ನು ಎಣಿಸಬಹುದಿತ್ತು, ಜನರನ್ನು ಎಣಿಸಲು ಆಗುತ್ತಿರಲಿಲ್ಲ. ಆ ಹಾಳೆಯನ್ನು ಬಿಡಿಸಿ ಸಣ್ಣ ಸಣ್ಣ ಕೋಷ್ಟಕಗಳಾಗಿ ಜೋಡಿಸುವ ಕೆಲಸದಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳುತ್ತೇವೆ. ಕಂಪ್ಯೂಟರ್ ಓದದವರಿಗೂ ಅರ್ಥವಾಗಬೇಕು ಎಂಬುದು ನಮ್ಮ ಆಸೆ.

ಶಾನುಭೋಗರ ಕಟ್ಟು ಮತ್ತು ಕಾಡ್

ಹಿಂದೆ ಊರಿನ ಲೆಕ್ಕಪತ್ರ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಆಮೇಲೆ ಗ್ರಾಮ ಲೆಕ್ಕಿಗರ ಚೀಲಕ್ಕೆ ಬಂತು. ಯಾವ ಕಟ್ಟಿನಲ್ಲಿ ಯಾವ ಪುಟದಲ್ಲಿ ಏನಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ಮಾಹಿತಿ ಯಾರದ್ದೇ ಆಗಿರಲಿ, ಅದನ್ನು ತಲುಪುವ ದಾರಿ ಗೊತ್ತಿದ್ದವರ ಮರ್ಜಿ ಕಾಯಬೇಕಿತ್ತು.

1960ರ ದಶಕದ ಕಂಪ್ಯೂಟರುಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಮಾಹಿತಿಯನ್ನು ಮರದ ಕೊಂಬೆ ರೆಂಬೆಗಳ ಹಾಗೆ ಒಂದರ ಕೆಳಗೆ ಒಂದು ಜೋಡಿಸಿಡುತ್ತಿದ್ದರು. ಬೇಕಾದದ್ದನ್ನು ಹುಡುಕಲು ಯಾವ ಕೊಂಬೆಯಿಂದ ಯಾವ ರೆಂಬೆಗೆ ಇಳಿಯಬೇಕು ಎಂದು ಪ್ರೋಗ್ರಾಂ ಬರೆಯುವವನಿಗೆ ತಿಳಿದಿರಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಮೂ ಕೆಡುತ್ತಿತ್ತು. ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲೆಂಡ್ ಮೂಲದ ಗಣಿತಜ್ಞ 1970ರಲ್ಲಿ ಒಂದು ಲೇಖನ ಪ್ರಕಟಿಸಿ, ಮಾಹಿತಿ ಒಳಗೆ ಹೇಗೆ ಜೋಡಣೆಯಾಗಿದೆ ಎಂಬುದನ್ನು ಬಳಸುವವರು ತಿಳಿದಿರಬೇಕಾದ ಗೋಜೇ ಇರಬಾರದು ಎಂದು ವಾದಿಸಿದರು. ಎಲ್ಲವನ್ನೂ ಸಾದಾ ಕೋಷ್ಟಕಗಳಲ್ಲಿ ಇಡಿ, ಏನು ಬೇಕು ಎಂದಷ್ಟೇ ಕೇಳಿ, ಹೇಗೆ ಹುಡುಕಬೇಕು ಎಂಬುದು ಯಂತ್ರದ ತಲೆನೋವಾಗಲಿ ಎಂಬುದು ಅದರ ಸಾರ. ಹಾಗೆ ಕೇಳಲು 1974ರ ಹೊತ್ತಿಗೆ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಭಾಷೆಯೇ ಇಂದಿನ ಎಸ್‌ಕ್ಯುಎಲ್. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

‘ರಿಲೇಶನಲ್’ ಎಂಬ ಪದ ಕೇಳಿದಾಗ ಕೋಷ್ಟಕ ಕೋಷ್ಟಕಗಳ ನಡುವಿನ ನೆಂಟಸ್ತನ ಎಂದು ಅನ್ನಿಸುತ್ತದೆ. ಕಾಡ್ ಅದನ್ನು ತೆಗೆದುಕೊಂಡದ್ದು ಗಣಿತದ ಗಣ ಸಿದ್ಧಾಂತದಿಂದ. ಅಲ್ಲಿ ಒಂದು ಕೋಷ್ಟಕವೇ ಒಂದು ‘ರಿಲೇಶನ್’, ಅಂದರೆ ಒಂದೇ ಬಗೆಯ ಸಾಲುಗಳ ಗಣ. ಗಣ ಎಂದ ಮೇಲೆ ಎರಡು ನಿಯಮ ತಾವಾಗಿಯೇ ಬರುತ್ತವೆ. ಒಂದೇ ಸಾಲು ಎರಡು ಸಲ ಇರಬಾರದು. ಸಾಲುಗಳ ಹಿಂದು ಮುಂದಿಗೆ ಅರ್ಥ ಇರಬಾರದು. ಎರಡನೆಯದು ನಮಗೆ ತಕ್ಷಣ ಕೆಲಸಕ್ಕೆ ಬಂತು. ಅರ್ಜಿ ಹಾಕಿದ ಸರದಿಯಲ್ಲೇ ಹೆಸರುಗಳಿವೆ ಎಂದು ಹಾಳೆ ಕೊಟ್ಟವರು ಹೇಳಿದ್ದರು. ಸರದಿ ಅಷ್ಟು ಮುಖ್ಯವಾದರೆ ಅರ್ಜಿಯ ದಿನಾಂಕಕ್ಕೆ ಒಂದು ಕಾಲಂ ಇರಬೇಕಿತ್ತು. ಅದು ಇರಲಿಲ್ಲ. ಯಾರೋ ಒಮ್ಮೆ ಅಕಾರಾದಿಯಾಗಿ ಜೋಡಿಸಿದರೆ ಆ ಸರದಿ ಮಂಗಮಾಯ.

ಮೂರು ತಿಪ್ಪೇಸ್ವಾಮಿಗಳು

ಹೆಸರುಗಳನ್ನು ಇಲ್ಲಿ ಬದಲಿಸಿದ್ದೇವೆ. ಹಾಳೆಯಲ್ಲಿ ಒಂದೇ ಊರಿನ ‘ತಿಪ್ಪೇಸ್ವಾಮಿ ಬಿನ್ ತಿಪ್ಪಣ್ಣ’, ‘ಟಿ. ತಿಪ್ಪೇಸ್ವಾಮಿ’, ‘ತಿಪ್ಪೆಸ್ವಾಮಿ’ ಎಂಬ ಮೂರು ಸಾಲುಗಳಿದ್ದವು. ಒಬ್ಬರೇ ಮೂರು ಸಲ ಪರಿಹಾರ ಪಡೆದಿದ್ದರೆ ಅದು ಸುದ್ದಿ. ಮೂವರು ಬೇರೆ ಬೇರೆಯವರಾದರೆ ಹಾಗೆ ಬರೆಯುವುದು ಮಾನಹಾನಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಊರುಗಳಲ್ಲಿ ತಂದೆಯ ಹೆಸರು ಸೇರಿಸಿದರೂ ಗೊಂದಲ ಬಗೆಹರಿಯುವುದಿಲ್ಲ. ಫೋನ್ ನಂಬರ್ ನೋಡೋಣವೆಂದರೆ ಅಣ್ಣ ತಮ್ಮಂದಿರಿಬ್ಬರ ಸಾಲಿನಲ್ಲೂ ಮನೆಯ ಒಂದೇ ಮೊಬೈಲ್.

ಡೇಟಾಬೇಸಿನಲ್ಲಿ ಪ್ರತಿ ಕೋಷ್ಟಕಕ್ಕೂ ಒಂದು ಪ್ರೈಮರಿ ಕೀ ಬೇಕು. ಪ್ರತಿ ಸಾಲನ್ನೂ ಉಳಿದೆಲ್ಲ ಸಾಲುಗಳಿಂದ ಬೇರ್ಪಡಿಸುವ ಗುರುತು ಅದು. ಎರಡು ಸಾಲಿಗೆ ಒಂದೇ ಗುರುತು ಇರಬಾರದು, ಗುರುತೇ ಇಲ್ಲದ ಸಾಲೂ ಇರಬಾರದು. ಜಮೀನಿನ ವಿಷಯದಲ್ಲಿ ಇದನ್ನು ನಾವೆಲ್ಲ ದಿನವೂ ಬಳಸುತ್ತೇವೆ. ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿ, ಸರ್‌ನಾಕ್ ಆರಿಸಿ, ಹಿಸ್ಸಾ ಆರಿಸಬೇಕು. ಸರ್ವೆ ನಂಬರ್ 45 ಎಂದರೆ ಸಾಲದು, ಅದು ನೂರಾರು ಊರುಗಳಲ್ಲಿ ಇದೆ. ಗ್ರಾಮವೂ ಬೇಕು, ಹಿಸ್ಸಾವೂ ಬೇಕು. ಹೀಗೆ ಹಲವು ಕಾಲಂಗಳು ಒಟ್ಟು ಸೇರಿ ಆಗುವ ಗುರುತಿಗೆ ಕಾಂಪೋಸಿಟ್ ಕೀ ಎನ್ನುತ್ತಾರೆ. ಗ್ರಾಮದ ಹೆಸರೂ ತಾನಾಗಿ ಗುರುತಲ್ಲ. ಹೊಸಹಳ್ಳಿ ಎಂಬ ಊರು ಕರ್ನಾಟಕದ ತುಂಬ ಇದೆ. 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರು ಅಂಕಿಯ ಸಂಕೇತ ಕೊಟ್ಟಿದ್ದು ಇದೇ ಕಾರಣಕ್ಕೆ ಅನುಕೂಲ.

ಮನುಷ್ಯರಿಗೆ? ಆಧಾರ್ ಸಂಖ್ಯೆ ಇದೆ, ಆದರೆ ಅದನ್ನು ಕಲೆಹಾಕಿ ನಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. ಸರ್ಕಾರದ ‘ಫ್ರೂಟ್ಸ್’ ವ್ಯವಸ್ಥೆಯಲ್ಲಿ ರೈತರಿಗೆ ಎಫ್‌ಐಡಿ ಎಂಬ ಸಂಖ್ಯೆ ಕೊಡುತ್ತಾರೆ, ನಮಗೆ ಸಿಕ್ಕ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ. ನಾವೇ 1, 2, 3 ಎಂದು ಸಂಖ್ಯೆ ಕೊಟ್ಟೆವು. ಇಂಥ ಕೃತಕ ಗುರುತಿಗೆ ಸರೊಗೇಟ್ ಕೀ ಎಂಬ ಹೆಸರಿದೆ. ಆದರೆ ಮೂರು ಸಾಲಿಗೆ ಒಂದೇ ಸಂಖ್ಯೆ ಕೊಡಬೇಕೋ ಮೂರು ಸಂಖ್ಯೆಯೋ ಎಂಬುದನ್ನು ಯಾವ ತಂತ್ರಾಂಶವೂ ಹೇಳಲಾರದು. ಅದಕ್ಕೆ ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳಬೇಕಾಯಿತು. ‘ಕೆಳಗಿನ ಕೇರಿ ತಿಪ್ಪಣ್ಣರ ಮಗ ಒಬ್ಬ, ಟೈಲರ್ ತಿಪ್ಪೇಸ್ವಾಮಿ ಒಬ್ಬ, ಇಬ್ರೇ ಕಣಪ್ಪ’ ಎಂದರು. ಮೂರು ಸಾಲು, ಇಬ್ಬರು ಮನುಷ್ಯರು. ಕೀ ಎಂಬುದು ಕಂಪ್ಯೂಟರಿನ ಮಾತಾದರೂ ಅದು ಸಿಗುವುದು ಊರಿನಲ್ಲಿ.

ಒಂದು ಮನೆಗೆ ಒಂದೇ ಬೆಲೆ, ಒಂದು ಸಂಗತಿಗೆ ಒಂದೇ ಜಾಗ

‘45/2, 45/3, 61’ ಎಂದು ಒಂದೇ ಮನೆಯಲ್ಲಿ ಅಲ್ಪವಿರಾಮ ಹಾಕಿ ತುಂಬಿದ ಸರ್ವೆ ನಂಬರುಗಳು ಓದುವ ಕಣ್ಣಿಗೆ ಸಲೀಸು. ಆದರೆ 45/3ಕ್ಕೆ ಎರಡು ಸಲ ಹಣ ಬಿದ್ದಿದೆಯೇ ಎಂದು ಕೇಳಿದರೆ ಯಂತ್ರಕ್ಕೆ ಅದು ಬರೀ ಉದ್ದನೆಯ ಅಕ್ಷರಮಾಲೆ. ಬೆಳೆ 1, ಬೆಳೆ 2, ಬೆಳೆ 3 ಎಂಬ ಕಾಲಂಗಳದ್ದೂ ಇದೇ ಪಾಡು. ಈರುಳ್ಳಿ ಹಾಕಿದವರೆಷ್ಟು ಎಂದು ಮೂರೂ ಕಾಲಂ ಹುಡುಕಬೇಕು, ನಾಲ್ಕನೇ ಬೆಳೆ ಹಾಕಿದವರು ಅದನ್ನು ಎಲ್ಲಿ ಬರೆಸಬೇಕು? ಒಂದು ಮನೆಯಲ್ಲಿ ಒಂದೇ ಬೆಲೆ ಇರಬೇಕು, ಒಂದೇ ಬಗೆಯ ಸಂಗತಿ ಅಡ್ಡಕ್ಕೆ ಬೆಳೆಯದೆ ಉದ್ದಕ್ಕೆ ಬೆಳೆಯಬೇಕು ಎಂಬುದು ವಿನ್ಯಾಸದ ಮೊದಲ ಪಾಠ. ಇದಕ್ಕೆ ಫಸ್ಟ್ ನಾರ್ಮಲ್ ಫಾರ್ಮ್ ಎನ್ನುತ್ತಾರೆ. ಆ ಒಂದು ಸಾಲನ್ನು ನಾವು ಮೂರು ಸಾಲಾಗಿ ಬಿಡಿಸಿದೆವು, ಒಂದೊಂದು ತುಂಡು ಭೂಮಿಗೆ ಒಂದೊಂದು.

ಹಾಗೆ ಬಿಡಿಸಿದ ಕೂಡಲೇ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ರೈತರ ಫೋನ್, ಊರು, ಹೋಬಳಿ ಮೂರೂ ಸಾಲಿನಲ್ಲಿ ಮತ್ತೆ ಮತ್ತೆ ಬಂದವು. ಫೋನ್ ಬದಲಾದರೆ ಮೂರು ಕಡೆ ತಿದ್ದಬೇಕು. ಒಂದು ಕಡೆ ಬಿಟ್ಟರೆ ಯಾವುದು ನಿಜ? ಫೋನ್ ನಂಬರ್ ಮನುಷ್ಯನ ಸಂಗತಿ, ಭೂಮಿಯದ್ದಲ್ಲ. ಅದು ಇರಬೇಕಾದ್ದು ‘ವ್ಯಕ್ತಿ’ ಕೋಷ್ಟಕದಲ್ಲಿ. ಯಾವ ಹೋಬಳಿ ಎಂಬುದು ಗ್ರಾಮದ ಸಂಗತಿ. ಗ್ರಾಮ ಗೊತ್ತಾದರೆ ಹೋಬಳಿ ಗೊತ್ತಾದಂತೆಯೇ, ಹಾಗಾಗಿ ಅದು ಇರಬೇಕಾದ್ದು ‘ಗ್ರಾಮ’ ಕೋಷ್ಟಕದಲ್ಲಿ. ಎರಡನೇ ಮತ್ತು ಮೂರನೇ ನಾರ್ಮಲ್ ಫಾರ್ಮುಗಳು ಹೇಳುವುದು ಇಷ್ಟನ್ನೇ: ಕೋಷ್ಟಕದ ಪ್ರತಿ ಸಂಗತಿಯೂ ಅದರ ಕೀಗೆ, ಇಡೀ ಕೀಗೆ, ನೇರವಾಗಿ ಸೇರಿರಬೇಕು. ಕೀಯ ಅರ್ಧಕ್ಕೋ, ಕೀ ಅಲ್ಲದ ಮತ್ತೊಂದು ಕಾಲಂಗೋ ಸೇರಿದ್ದಾದರೆ ಅದಕ್ಕೆ ಬೇರೆ ಮನೆ ಕಟ್ಟಿಕೊಡಿ.

ಇದು ಬರೀ ಅಚ್ಚುಕಟ್ಟುತನದ ಮಾತಲ್ಲ. ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದರೆ ಅಳಿಸುವಾಗಲೂ ಸೇರಿಸುವಾಗಲೂ ಪೆಟ್ಟು ಬೀಳುತ್ತದೆ. ಅರ್ಜಿ ತಿರಸ್ಕಾರವಾಯಿತೆಂದು ಒಂದು ಸಾಲು ಅಳಿಸಿದರೆ ಅದರ ಜೊತೆ ಆ ರೈತರ ಹೆಸರು, ಫೋನ್, ಜಮೀನಿನ ವಿವರ ಎಲ್ಲ ಅಳಿಸಿಹೋಗುತ್ತದೆ. ಅಂಥವರು ಇದ್ದರು ಎನ್ನುವುದಕ್ಕೇ ಪುರಾವೆ ಉಳಿಯದು. ಅರ್ಜಿಯನ್ನೇ ಹಾಕದವರಿಗಂತೂ ಹಾಳೆಯಲ್ಲಿ ಜಾಗವೇ ಇಲ್ಲ, ಏಕೆಂದರೆ ಅಲ್ಲಿ ಪ್ರತಿ ಸಾಲೂ ಒಂದು ಅರ್ಜಿ. ‘ಇಷ್ಟು ಜನರಿಗೆ ಬಂತು’ ಎಂದು ಆ ಹಾಳೆ ಹೇಳಬಲ್ಲದು. ‘ಎಷ್ಟು ಜನರ ಪೈಕಿ?’ ಎಂದು ಕೇಳಿದರೆ ಅದಕ್ಕೆ ಮಾತೇ ಹೊರಡದು. ವರದಿಗಾರರಿಗೆ ಬೇಕಾದದ್ದು ಬಹಳ ಸಲ ಈ ಎರಡನೇ ಸಂಖ್ಯೆಯೇ.

ಮೂರನೇ ಕಾಲಂ, ಒಂಬತ್ತನೇ ಕಾಲಂ

ಒಬ್ಬರಿಗೆ ಹಲವು ತುಂಡು ಜಮೀನು ಇರಬಹುದು, ಒಂದು ತುಂಡಿಗೆ ಹಲವು ಒಡೆಯರು ಇರಬಹುದು. ಜಂಟಿ ಖಾತೆ ನಮ್ಮಲ್ಲಿ ಮಾಮೂಲು. ಇಂಥ ಹಲವಕ್ಕೆ ಹಲವು ಸಂಬಂಧವನ್ನು ವ್ಯಕ್ತಿ ಕೋಷ್ಟಕದಲ್ಲೂ ಇಡಲಾಗದು, ಭೂಮಿ ಕೋಷ್ಟಕದಲ್ಲೂ ಇಡಲಾಗದು. ನಡುವೆ ಮೂರನೆಯದೊಂದು ಕೋಷ್ಟಕ ಬೇಕು. ನಾವು ಅದಕ್ಕೆ ‘ಒಡೆತನ’ ಎಂದು ಹೆಸರಿಟ್ಟೆವು. ಅದರ ಪ್ರತಿ ಸಾಲಿನಲ್ಲಿ ಒಬ್ಬ ವ್ಯಕ್ತಿಯ ಗುರುತು, ಒಂದು ಭೂಮಿಯ ಗುರುತು, ಜೊತೆಗೆ ಅವರ ಪಾಲಿನ ವಿಸ್ತೀರ್ಣ. ಬೇರೆ ಕೋಷ್ಟಕದ ಗುರುತನ್ನು ಹೀಗೆ ಎರವಲು ತಂದು ಇಟ್ಟುಕೊಳ್ಳುವುದಕ್ಕೆ ಫಾರಿನ್ ಕೀ ಎನ್ನುತ್ತಾರೆ. ನಿಯಮ ಏನೆಂದರೆ, ಎರವಲು ತಂದ ಗುರುತು ಮೂಲ ಕೋಷ್ಟಕದಲ್ಲಿ ಇರಲೇಬೇಕು. ಇಲ್ಲದ ಭೂಮಿಗೆ ಒಡೆಯರನ್ನು ಬರೆಯಲು ಯಂತ್ರ ಬಿಡುವುದಿಲ್ಲ.

ಪಾಲಿನ ವಿಸ್ತೀರ್ಣ ಎಂದಾಗ ಪಹಣಿ ಓದಿದವರಿಗೆ ಒಂದು ಹಳೆಯ ತಲೆನೋವು ನೆನಪಾಗಬೇಕು. ಪಹಣಿಯ 3ನೇ ಕಾಲಂನಲ್ಲಿ ಆ ತುಂಡಿನ ಒಟ್ಟು ವಿಸ್ತೀರ್ಣ, ಖರಾಬು, ಅದನ್ನು ಕಳೆದ ಉಳಿಕೆ ಇರುತ್ತದೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರುಗಳು ಮತ್ತು ಅವರವರ ವಿಸ್ತೀರ್ಣ. ಒಡೆಯರ ಪಾಲುಗಳನ್ನೆಲ್ಲ ಕೂಡಿದರೆ 3ನೇ ಕಾಲಂನ ಉಳಿಕೆಗೆ ಸಮ ಬರಬೇಕು. ಎಷ್ಟೋ ಪಹಣಿಗಳಲ್ಲಿ ಬರುವುದಿಲ್ಲ. ‘3 ಮತ್ತು 9 ತಾಳೆ ಆಗ್ತಿಲ್ಲ’ ಎಂಬ ಮಾತು ಕಂದಾಯ ಕಚೇರಿಗಳಲ್ಲಿ ಮಾಮೂಲಿ. ಈ ಒಂದು ಕಾರಣಕ್ಕೆ ಖಾತೆ ಬದಲಾವಣೆ ಆಗದೆ ವರ್ಷಗಟ್ಟಲೆ ಅಲೆದವರು ಪ್ರತಿ ಊರಲ್ಲೂ ಸಿಗುತ್ತಾರೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದು, ಎರಡೂ ಒಂದೇ ಎಂದು ಕಾಯುವ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗಲಿಕ್ಕಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ ಕೈಬರಹದ ದಾಖಲೆಯ ಜೊತೆ ಅದರೊಳಗಿನ ಹಳೆಯ ವ್ಯತ್ಯಾಸಗಳೂ ಬಂದವು. ಗಣಕೀಕರಣ ದಾಖಲೆಯನ್ನು ಲೆಕ್ಕಿಗರ ಚೀಲದಿಂದ ಬಿಡಿಸಿತು, ಅದು ದೊಡ್ಡ ಕೆಲಸವೇ. ಆದರೆ ತಪ್ಪು ಸಂಖ್ಯೆ ಅಚ್ಚಾಗಿ ಬಂದ ಮಾತ್ರಕ್ಕೆ ಸರಿಯಾಗುವುದಿಲ್ಲ.

ವಿಸ್ತೀರ್ಣದ ಬಗ್ಗೆಯೇ ಇನ್ನೊಂದು ಮಾತು. 1 ಎಕರೆಗೆ 40 ಗುಂಟೆ. ‘1.30’ ಎಂದು ಬರೆದರೆ ನಮ್ಮವರ ಲೆಕ್ಕದಲ್ಲಿ 1 ಎಕರೆ 30 ಗುಂಟೆ, ಅಂದರೆ ಒಂದೂ ಮುಕ್ಕಾಲು ಎಕರೆ. ಎಕ್ಸೆಲ್ ಲೆಕ್ಕದಲ್ಲಿ ಅದು ದಶಮಾಂಶ. 1.30ಕ್ಕೆ 1.30 ಕೂಡಿದರೆ ಅದು 2.60 ಎನ್ನುತ್ತದೆ, ನಿಜ ಉತ್ತರ 3 ಎಕರೆ 20 ಗುಂಟೆ. ಇನ್ನೂ ಕೆಟ್ಟದ್ದೆಂದರೆ 1 ಎಕರೆ 3 ಗುಂಟೆಯನ್ನು ಯಾರಾದರೂ ‘1.3’ ಎಂದು ಟೈಪ್ ಮಾಡಿದರೆ ಅದಕ್ಕೂ 1.30ಕ್ಕೂ ಯಂತ್ರ ಭೇದ ಮಾಡುವುದಿಲ್ಲ. 27 ಗುಂಟೆ ಹೆಚ್ಚಾಗಿ ಹೋಯಿತು! ಒಂದು ಕಾಲಂನಲ್ಲಿ ಯಾವ ಬಗೆಯ ಬೆಲೆಗಳು ಇರಬಹುದು ಎಂಬ ಮಿತಿಗೆ ಕಾಡ್ ‘ಡೊಮೇನ್’ ಎಂದರು. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ, ಗುಂಟೆ 0ಯಿಂದ 39ರೊಳಗೆ ಇರಬೇಕೆಂಬ ನಿಯಮ, ಇಷ್ಟು ಮಾಡಿದ ಮೇಲೆ ನಮ್ಮ ಕೂಡುವ ಲೆಕ್ಕ ಊರಿನ ಲೆಕ್ಕಕ್ಕೆ ಕೂಡಿಬಂತು.

ಖಾಲಿ ಮನೆ ಏನನ್ನು ಹೇಳುತ್ತದೆ?

ಹಾಳೆಯ ‘ಮೊತ್ತ’ ಕಾಲಂನಲ್ಲಿ ಹಲವು ಮನೆಗಳು ಖಾಲಿ ಇದ್ದವು. ಖಾಲಿ ಎಂದರೆ ಸೊನ್ನೆಯೇ? ಅರ್ಜಿ ತಿರಸ್ಕಾರವಾಗಿರಬಹುದು. ಮಂಜೂರಾಗಿ ಹಣ ಇನ್ನೂ ಬೀಳದೇ ಇರಬಹುದು. ಬಿದ್ದಿದ್ದರೂ ಬರೆದುಕೊಳ್ಳದೇ ಇರಬಹುದು. ಡೇಟಾಬೇಸಿನಲ್ಲಿ ಖಾಲಿಗೆ ‘ನಲ್’ ಎನ್ನುತ್ತಾರೆ. ಅದು ಸೊನ್ನೆಯೂ ಅಲ್ಲ, ಖಾಲಿ ಅಕ್ಷರವೂ ಅಲ್ಲ. ನಲ್ ಇರುವಲ್ಲಿ ‘ಇದು 5000ಕ್ಕಿಂತ ಹೆಚ್ಚೇ?’ ಎಂದು ಕೇಳಿದರೆ ಹೌದು ಎಂದೂ ಬರುವುದಿಲ್ಲ, ಅಲ್ಲ ಎಂದೂ ಬರುವುದಿಲ್ಲ, ಗೊತ್ತಿಲ್ಲ ಎಂದು ಬರುತ್ತದೆ. ಹಾಗಾಗಿ 5000ಕ್ಕಿಂತ ಹೆಚ್ಚು ಬಂದವರ ಪಟ್ಟಿಯಲ್ಲೂ ಅವರು ಇರುವುದಿಲ್ಲ, ಅಷ್ಟು ಬಾರದವರ ಪಟ್ಟಿಯಲ್ಲೂ ಇರುವುದಿಲ್ಲ. ಸರಾಸರಿ ತೆಗೆದರೆ ಯಂತ್ರ ಅವರನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟು ಉಳಿದವರ ಸರಾಸರಿ ಕೊಡುತ್ತದೆ. ‘ಸರಾಸರಿ ಪರಿಹಾರ ಇಷ್ಟು’ ಎಂಬ ಸುದ್ದಿಯಿಂದ ಏನೂ ಬಾರದವರೇ ಹೊರಗುಳಿಯುತ್ತಾರೆ.

ಕಾಡ್ ಮುಂದೆ ಈ ಖಾಲಿಯಲ್ಲೂ ಎರಡು ಬಗೆ ಇರಬೇಕೆಂದು ವಾದಿಸಿದರು. ಬೆಲೆ ಇದೆ ಆದರೆ ನಮಗೆ ತಿಳಿದಿಲ್ಲ ಎಂಬುದು ಒಂದು. ಈ ಸಾಲಿಗೆ ಆ ಪ್ರಶ್ನೆಯೇ ಅನ್ವಯಿಸುವುದಿಲ್ಲ ಎಂಬುದು ಇನ್ನೊಂದು. ನಾವು ಮಾಡಿದ್ದು ಸರಳ. ‘ಸ್ಥಿತಿ’ ಎಂದು ಬೇರೆ ಕಾಲಂ ಮಾಡಿ ಸ್ವೀಕೃತ, ಮಂಜೂರು, ಸಂದಾಯ, ತಿರಸ್ಕೃತ ಎಂಬ ನಾಲ್ಕರಲ್ಲಿ ಒಂದನ್ನು ಬರೆಯಲೇಬೇಕೆಂದು ಕಟ್ಟು ಮಾಡಿದೆವು. ಕಚೇರಿಗೆ ಮರಳಿ ಹೋಗಿ ಪ್ರತಿ ಖಾಲಿ ಮನೆಗೂ ‘ಇದು ನಾಲ್ಕರಲ್ಲಿ ಯಾವುದು ಸಾರ್?’ ಎಂದು ಕೇಳಿದೆವು. ಉತ್ತರ ಬರಲು ಮೂರು ವಾರ ಹಿಡಿಯಿತು.

ಸಾಲು ಸಿಗದವರು

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ಕೋಷ್ಟಕಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡವು. ವ್ಯಕ್ತಿ, ಗ್ರಾಮ, ಭೂಮಿ, ಒಡೆತನ, ಬೆಳೆ, ಸಂದಾಯ. ಯಾವ ಕೋಷ್ಟಕವೂ ನಿಯಮ ಮುರಿಯುತ್ತಿರಲಿಲ್ಲ. ಆಗ ಒಬ್ಬ ತಾಯಿಯ ಮಾತು ಕೇಳಬೇಕಾಯಿತು. ಅವರು ಎರಡು ಎಕರೆ ಹೊಲವನ್ನು ಬಾಯಿಮಾತಿನ ಗುತ್ತಿಗೆಗೆ ಹಿಡಿದು ಈರುಳ್ಳಿ ಹಾಕಿದ್ದರು. ಬೀಜ, ಗೊಬ್ಬರ, ಕೂಲಿ ಎಲ್ಲ ಅವರ ಸಾಲ. ಹೊಲದೊಡೆಯರು ಪಟ್ಟಣದಲ್ಲಿದ್ದಾರೆ. ಪರಿಹಾರ ಅವರ ಖಾತೆಗೆ ಬಿದ್ದಿತ್ತು.

‘ಹೊಲ ಅವರ್ದು, ಸರಿ ಕಣಪ್ಪ. ಕೊಳ್ತೋಗಿದ್ದು ಈರುಳ್ಳಿ ನಂದಲ್ವಾ?’ ಎಂದರು.

ನಮ್ಮ ಕೋಷ್ಟಕಗಳಲ್ಲಿ ಹುಡುಕಿದರೆ ಅವರು ಎಲ್ಲೂ ಇರಲಿಲ್ಲ. ಸಂದಾಯ ಆಗಬೇಕಾದರೆ ಒಡೆತನದಲ್ಲಿ ಸಾಲು ಇರಬೇಕು, ಅವರಿಗೆ ಒಡೆತನವಿಲ್ಲ. ಕಚೇರಿಯ ಕೇಸ್ ವರ್ಕರ್ ‘ಲಿಸ್ಟ್‌ನಲ್ಲಿ ಇಲ್ಲ ಅಂದ್ರೆ ನಾವೇನ್ ಮಾಡಕ್ಕಾಗುತ್ತೆ?’ ಎಂದಾಗ ಅವರು ಸುಳ್ಳು ಹೇಳಿರಲಿಲ್ಲ. ಫಾರಿನ್ ಕೀ ನಿಯಮ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹಾಳೆಯಲ್ಲಿ ‘ರೈತ’ ಎಂಬ ಒಂದು ಪದ ಇತ್ತು, ಅದಕ್ಕೆ ‘ಒಡೆಯ’ ಎಂಬ ಅರ್ಥ ಮಾತ್ರ ಇತ್ತು.

ಸೋಜಿಗವೆಂದರೆ ಹಳೆಯ ಕಾಗದದ ನಮೂನೆಗೆ ಈ ವ್ಯತ್ಯಾಸ ಗೊತ್ತಿತ್ತು. ಪಹಣಿಯನ್ನು ಇಂಗ್ಲಿಷಿನಲ್ಲಿ ಆರ್‌ಟಿಸಿ ಎನ್ನುತ್ತೇವಲ್ಲ, ಅದರ ಅರ್ಥ ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ. ಹೆಸರಿನಲ್ಲೇ ಮೂರು ಕೋಷ್ಟಕಗಳಿವೆ! 9ನೇ ಕಾಲಂನಲ್ಲಿ ಸ್ವಾಧೀನದಾರರು, 12ನೇ ಕಾಲಂನಲ್ಲಿ ಸಾಗುವಳಿದಾರರು ಮತ್ತು ಬೆಳೆ. ಒಡೆಯರೂ ಉಳುವವರೂ ಬೇರೆ ಬೇರೆ ಇರಬಹುದು ಎಂದು ಒಪ್ಪಿಕೊಂಡ ವಿನ್ಯಾಸ ಅದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ಉಳುವವರೇ ಹೊಲದೊಡೆಯರಾಗಬೇಕೆಂಬ ಆಶಯದಿಂದ ಬಂದ ಕಾನೂನು ಅದು, ಎಷ್ಟೋ ಕುಟುಂಬಗಳು ಅದರಿಂದ ಭೂಮಿ ಪಡೆದವು. ಆದರೆ ಗುತ್ತಿಗೆ, ಕೋರು, ವಾರ, ಲಾವಣಿ ಎಂದು ಬೇರೆ ಬೇರೆ ಹೆಸರಿನಲ್ಲಿ ಹೊಲ ಹಿಡಿಯುವುದು ಇಂದಿಗೂ ನಿಂತಿಲ್ಲ. ಕಾಗದದಲ್ಲಿ ಬರೆಯಲಾಗದ್ದು ಬಾಯಿಮಾತಿನಲ್ಲಿ ನಡೆಯುತ್ತದೆ. ಬಾಯಿಮಾತಿಗೆ ಕಾಲಂ ಇಲ್ಲ.

ನಾವು ‘ಸಾಗುವಳಿ’ ಎಂದು ಏಳನೇ ಕೋಷ್ಟಕ ಸೇರಿಸಿದೆವು. ಭೂಮಿಯ ಗುರುತು, ವ್ಯಕ್ತಿಯ ಗುರುತು, ಹಂಗಾಮು, ಬಗೆ. ಬಗೆ ಎಂದರೆ ಸ್ವಂತವೋ, ಗುತ್ತಿಗೆಯೋ, ಕೋರೋ. ಒಬ್ಬ ವ್ಯಕ್ತಿ ಒಂದು ಭೂಮಿಗೆ ಒಡೆಯನಾಗಿ, ಇನ್ನೊಂದಕ್ಕೆ ಸಾಗುವಳಿದಾರನಾಗಿ ಸೇರಬಹುದು. ವ್ಯಕ್ತಿ ಒಬ್ಬನೇ, ಪಾತ್ರ ಎರಡು. ಇದಾದ ಮೇಲೆ ಒಂದು ಪ್ರಶ್ನೆ ಕೇಳುವುದು ಸಾಧ್ಯವಾಯಿತು: ಯಾವ ಯಾವ ತುಂಡಿನಲ್ಲಿ ಹಣ ಪಡೆದವರೂ ಬೆಳೆ ಕಳೆದುಕೊಂಡವರೂ ಬೇರೆ ಬೇರೆ? ಹಳೆಯ ಹಾಳೆಯಲ್ಲಿ ಆ ಪ್ರಶ್ನೆಯನ್ನು ಬರೆಯಲೂ ಆಗುತ್ತಿರಲಿಲ್ಲ.

ಆದರೆ ಆ ಏಳನೇ ಕೋಷ್ಟಕ ತುಂಬುವುದು ಅಷ್ಟು ಸುಲಭವಾಗಲಿಲ್ಲ. ಅದೇ ತಾಯಿ ನಮ್ಮ ಜೊತೆಗಿದ್ದ ಗೆಳತಿಯ ಕೈ ಹಿಡಿದುಕೊಂಡು ಹೇಳಿದರು: ‘ನನ್ ಹೆಸರು ಬರ್ಕೊಳವ್ವ. ಹೊಲ ಯಾರ್ದು ಅಂತ ಮಾತ್ರ ಪೇಪರ್‌ನಾಗೆ ಹಾಕ್ಬೇಡ. ಮುಂದ್ಲೊರ್ಷ ಕೊಡಲ್ಲ ಅವ್ರು.’ ಗೇಣಿದಾರರ ಹೆಸರು ದಾಖಲೆಗೆ ಬಂದರೆ ಭೂಮಿ ಕೈತಪ್ಪೀತು ಎಂಬ ಒಡೆಯರ ಅಂಜಿಕೆ ಐವತ್ತು ವರ್ಷದ ನಂತರವೂ ಹೋಗಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಈ ವರ್ಷದ ಪರಿಹಾರ ಇಲ್ಲ, ಪಟ್ಟಿಗೆ ಬಂದರೆ ಮುಂದಿನ ವರ್ಷದ ಹೊಲ ಇಲ್ಲ. ನಾವು ‘ಸಾಗುವಳಿ’ ಕೋಷ್ಟಕವನ್ನು ಬೇರೆ ಕಡತವಾಗಿ ಇಟ್ಟೆವು. ವರದಿಯಲ್ಲಿ ಎಣಿಕೆ ಕೊಟ್ಟೆವು, ಸರ್ವೆ ನಂಬರ್ ಕೊಡಲಿಲ್ಲ, ಊರಿನ ಹೆಸರನ್ನೂ ಕೊಡಲಿಲ್ಲ. ವರದಿಯ ತೂಕ ಅದರಿಂದ ಸ್ವಲ್ಪ ಕಡಿಮೆಯಾಯಿತು ಎಂದು ಸಂಪಾದಕರು ಹೇಳಿದರು. ಅದು ನಿಜ. ಆದರೂ ಹಾಗೇ ಬಿಟ್ಟೆವು.

ಈಗ ಯಾವುದೇ ಇಲಾಖೆ ಪಟ್ಟಿ ಕೊಟ್ಟರೂ ನಾವು ಮೊದಲು ಕೇಳುವ ಪ್ರಶ್ನೆಗಳು ನಾಲ್ಕೈದು. ಇಲ್ಲಿ ಒಂದು ಸಾಲು ಎಂದರೆ ಏನು, ಮನುಷ್ಯನೋ ಮನೆಯೋ ಅರ್ಜಿಯೋ? ಒಬ್ಬರನ್ನು ಇನ್ನೊಬ್ಬರಿಂದ ಯಾವುದರಿಂದ ಬೇರ್ಪಡಿಸಿದ್ದೀರಿ? ಒಂದೇ ಸಂಗತಿ ಎರಡು ಕಡೆ ಇದ್ದರೆ ಯಾವುದನ್ನು ನಂಬಬೇಕು? ಖಾಲಿ ಬಿಟ್ಟದ್ದಕ್ಕೆ ಅರ್ಥವೇನು? ಕಡೆಯದಾಗಿ, ಈ ಪಟ್ಟಿಯಲ್ಲಿ ಬರಲು ಮೊದಲು ಇನ್ಯಾವ ಪಟ್ಟಿಯಲ್ಲಿ ಇರಬೇಕು? ಕಡೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು, ಆ ಮೊದಲ ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿಕೊಂಡು ಬಸ್ಸು ಹತ್ತುತ್ತೇವೆ. ವರದಿ ಅಲ್ಲಿಂದ ಶುರುವಾಗುತ್ತದೆ.